ಪರರಿಗಾಗಿ ಕೈಯೊಡ್ಡುವವನ ಧರ್ಮ

ಊರಿನ ಶಾಲೆಗಾಗಿಯಾಗಲಿ, ದಿಕ್ಕಿಲ್ಲದ ಮಕ್ಕಳ ಊಟಕ್ಕಾಗಿಯಾಗಲಿ, ರೋಗಿಗಳ ಆರೈಕೆಗಾಗಿಯಾಗಲಿ ಮನೆಮನೆಗೆ ಹೋಗಿ ಹಣ ಕೂಡಿಸುವ ಕೆಲಸವು ನಮ್ಮಲ್ಲಿ ಅನೇಕರ ಪಾಲಿಗೆ ಬರುವದುಂಟು. ಅದನ್ನು ಸಂತೋಷದಿಂದ ಒಪ್ಪಿಕೊಳ್ಳುವವರು ವಿರಳ. "ನಾನು ಯಾರ ಬಾಗಿಲಲ್ಲಿಯೂ ನಿಂತು ಬೇಡಿದವನಲ್ಲ" ಎಂದು ಒಬ್ಬನು ಹೇಳುತ್ತಾನೆ; "ಕೇಳಿದರೆ ಸ್ನೇಹ ಕೆಟ್ಟೀತು" ಎಂದು ಮತ್ತೊಬ್ಬನು ಅಂಜುತ್ತಾನೆ. ಹಾಗಾದರೆ ಪರರಿಗಾಗಿ ಬೇಡುವದು ನಾಚಿಕೆಯ ಕಾರ್ಯವೋ? ಅಲ್ಲವಾದರೆ ಬೇಡುವವನು ಎಂಥವನಾಗಿರತಕ್ಕದ್ದು? ಈ ಎರಡು ಪ್ರಶ್ನೆಗಳನ್ನು ವಿಚಾರಿಸೋಣ.

ಬಾಯಿದ್ದವನು ಬರಗಾಲದಲ್ಲಿಯೂ ಬದುಕುವನೆಂದು ಗಾದೆ ಉಂಟು. ಆದರೆ ತನ್ನ ಹೊಟ್ಟೆಗಾಗಿ ಕೇಳುವ ಬಾಯಿ ಬೇರೆ, ಬಾಯಿಲ್ಲದವರಿಗಾಗಿ ಕೇಳುವ ಬಾಯಿ ಬೇರೆ. ಎರಡನೆಯವನು ಹಣದ ಒಡೆಯನಲ್ಲ. ಕೊಡುವವನ ಕೈಯಿಂದ ಪಡೆಯುವವನ ಕೈಗೆ ಮುಟ್ಟಿಸುವ ಸೇವಕನು ಮಾತ್ರ. ನಮ್ಮ ಕಲಬುರಗಿಯಲ್ಲಿ ಶರಣಬಸವೇಶ್ವರರ ಹೆಸರಿನೊಂದಿಗೆ ದಾಸೋಹವೆಂಬ ಮಾತು ಕೂಡಿಕೊಂಡಿದೆ. ಕೊಡುವವನು ತಾನು ದಾತನೆಂದು ಬೀಗದೆ ದಾಸನೆಂದು ಬಾಗಬೇಕೆಂಬದೇ ಆ ಮಾತಿನ ಸಾರ. ಕೊಡುವವನೇ ದಾಸನಾದರೆ, ನಡುವೆ ನಿಂತು ಕೇಳುವವನಿಗೆ ನಾಚಿಕೆಯೂ ಬೇಡ, ಗರ್ವವೂ ಕೂಡದು. ಯಾಕಂದರೆ ನಾಚಿಕೆ, ಗರ್ವ ಎರಡೂ ಆ ಹಣ ತನ್ನದೆಂಬ ಭಾವನೆಯಿಂದಲೇ ಹುಟ್ಟುತ್ತವೆ.

ಇದಕ್ಕೆ ಪಂಡಿತಾ ರಮಾಬಾಯಿಯವರ ಚರಿತ್ರೆಯು ಒಳ್ಳೇ ದೃಷ್ಟಾಂತವಾಗಿದೆ. ಅವರು ೧೮೫೮ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದವರು. ತಂದೆತಾಯಿಗಳನ್ನು ಬರಗಾಲದ ದಿನಗಳಲ್ಲಿ ಕಳಕೊಂಡು, ೧೮೮೨ರಲ್ಲಿ ವಿಧವೆಯಾದರು. ಬಾಲವಿಧವೆಯರಿಗೊಂದು ಶಾಲೆಯನ್ನು ಕಟ್ಟಬೇಕೆಂಬ ಸಂಕಲ್ಪದಿಂದ ೧೮೮೬ರಲ್ಲಿ ಇಂಗ್ಲೆಂಡಿನಿಂದ ಅಮೇರಿಕಾ ದೇಶಕ್ಕೆ ಹೋದರು. ಅಲ್ಲಿ ಊರಿಂದೂರಿಗೆ ಸಂಚರಿಸಿ ಉಪನ್ಯಾಸ ಮಾಡಿದರು. ೧೮೮೭ರಲ್ಲಿ ಮೇಲ್ಜಾತಿಯ ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತು ಪುಸ್ತಕವನ್ನು ಬರೆದರು. ಆ ವರುಷದ ಕಡೆಯಲ್ಲಿ ಬೋಸ್ಟನ್ ಪಟ್ಟಣದಲ್ಲಿ ರಮಾಬಾಯಿ ಸಂಘವು ಸ್ಥಾಪಿತವಾಗಿ, ಹತ್ತು ವರುಷಗಳ ತನಕ ಶಾಲೆಗೆ ನೆರವು ಕೊಡುವದಾಗಿ ಮಾತುಕೊಟ್ಟಿತು. ೧೮೮೯ರ ಮಾರ್ಚ್ ೧೧ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವು ತೆರೆಯಿತು. ಮರುವರುಷ ಅದು ಪುಣೆಗೆ ಹೋಯಿತು.

ಅವರು ಕೇಳಿದ ರೀತಿಯನ್ನು ಲಕ್ಷ್ಯವಿಟ್ಟು ನೋಡಿರಿ. ಕಣ್ಣೀರಿನ ಕಥೆ ಹೇಳಿ ಅಂದಿನ ಚೀಲ ತುಂಬಿಕೊಂಡು ಹಿಂದಿರುಗಲಿಲ್ಲ. ಕಾರ್ಯವೇನೆಂಬದನ್ನು ಬರೆದು ತಿಳಿಸಿದರು. ಅದನ್ನು ನಡಿಸುವದಕ್ಕೆ ಒಂದು ಸಂಘವನ್ನು ಏರ್ಪಡಿಸಿಕೊಂಡರು. ನೆರವಿಗೆ ಕಾಲದ ಮಿತಿಯೂ ಇತ್ತು. ಹೀಗೆ ಕೊಟ್ಟವರು ಒಂದು ದಿನದ ದಾನಿಗಳಾಗದೆ ಹತ್ತು ವರುಷದ ಜತೆಗಾರರಾದರು.

ಆದರೆ ಪರೀಕ್ಷೆಯು ಬಾರದೆ ಇರಲಿಲ್ಲ. ಶಾಲೆಯಲ್ಲಿ ಯಾರ ಮತಕ್ಕೂ ಕೈಹಾಕುವದಿಲ್ಲವೆಂಬ ಒಪ್ಪಂದದ ಮೇಲೆ ರಾನಡೆ, ಭಾಂಡಾರಕರ ಮೊದಲಾದ ಹಿಂದೂ ಮುಖಂಡರು ಸಲಹಾ ಮಂಡಳಿಯಲ್ಲಿದ್ದರು. ಕೆಲವು ಹುಡುಗಿಯರು ರಮಾಬಾಯಿಯವರ ಪ್ರಾರ್ಥನೆಯಲ್ಲಿ ಕೂತುಕೊಳ್ಳುತ್ತಾರೆಂಬ ವಾರ್ತೆ ಹಬ್ಬಿತು; ಕೇಸರಿ ಪತ್ರಿಕೆಯು ಕಟುವಾಗಿ ಬರೆಯಿತು; ೧೮೯೩ರಲ್ಲಿ ಆ ಮುಖಂಡರು ಮಂಡಳಿಯನ್ನು ಬಿಟ್ಟರು; ಹಲವು ಮನೆಯವರು ಮಕ್ಕಳನ್ನು ಕರಕೊಂಡು ಹೋದರು. ತನ್ನ ಕೋಣೆಯ ಬಾಗಿಲು ತೆರೆದಿದೆ, ಯಾರನ್ನೂ ಬಲವಂತ ಮಾಡಲಿಲ್ಲವೆಂಬದು ರಮಾಬಾಯಿಯವರ ಉತ್ತರ. ತಮ್ಮ ಹೆಸರನ್ನು ನಂಬಿ ಮಕ್ಕಳನ್ನು ಕಳುಹಿಸಿದ ತಂದೆತಾಯಿಗಳಿಗೆ ತಾವು ಹೊಣೆಯೆಂಬದು ಆ ಮುಖಂಡರ ಭಾವನೆ. ನಾವು ಕ್ರೈಸ್ತರಾದ ಮಾತ್ರಕ್ಕೆ ಎರಡನೆಯ ಪಕ್ಷವನ್ನು ಹಗುರವಾಗಿ ಎಣಿಸಬಾರದು. ಒಂದೇ ಮಾತನ್ನು ಇಬ್ಬರು ಎರಡು ಬಗೆಯಾಗಿ ಗ್ರಹಿಸಿಕೊಂಡಿದ್ದರು. ಆ ಬಿರುಕಿನಲ್ಲಿಯೇ ನಂಬಿಕೆ ಒಡೆಯಿತು. ಆದಕಾರಣ ಕೇಳುವವನು ತಾನು ಏನು ಮಾಡುವೆನೆಂಬದನ್ನು ಮಾತ್ರವಲ್ಲ, ಏನು ಮಾಡುವದಿಲ್ಲವೆಂಬದನ್ನೂ, ಎಲ್ಲೆಯು ಎಲ್ಲಿ ಬೀಳುತ್ತದೆಂಬದನ್ನೂ ಹಣ ಮುಟ್ಟುವ ಮುಂಚೆಯೇ ಬಿಚ್ಚಿ ಹೇಳತಕ್ಕದ್ದು. ಮುಂದೆ ಕೇಡಗಾಂವದಲ್ಲಿ ಬರಗಾಲದ ಅನಾಥೆಯರಿಗಾಗಿ ಎದ್ದ ಮುಕ್ತಿ ಸದನವು ಬಹಿರಂಗವಾಗಿಯೇ ಕ್ರೈಸ್ತ ಸಂಸ್ಥೆಯಾಗಿತ್ತು. ಅಲ್ಲಿ ಕೊಡುವವನಿಗೂ ಸೇರುವವಳಿಗೂ ಸಂಶಯಕ್ಕೆ ಎಡೆ ಇರಲಿಲ್ಲ.

ಇನ್ನು ನಮ್ಮ ಹಳ್ಳಿಗಳ ಕಡೆಗೆ ತಿರುಗೋಣ. ಕಲಬುರಗಿಯಿಂದ ಕಮಲಾಪುರದ ಕಡೆಗೆ ಕೇಳಲಿಕ್ಕೆ ಹೋಗುವವನು ಮೊದಲು ಎದುರಿನವನ ಬಾಳನ್ನು ಅರಿತಿರಬೇಕು. ಮುಂಗಾರಿನಲ್ಲಿ ಬೀಜಗೊಬ್ಬರಕ್ಕೆ ಸಾಲ ಹುಡುಕುವವನ ಮನೆಗೆ ರಸೀದಿ ಪುಸ್ತಕ ಹಿಡಿದು ಹೋಗುವದು ನಿರ್ದಯವು. ತೊಗರಿಯ ರಾಶಿಯಾಗುವದು ಚಳಿಗಾಲದಲ್ಲಿ. ಕಮಲಾಪುರದ ಕೆಂಪು ಬಾಳೆಯ ಗೊನೆಯಾದರೋ ಬಹು ತಿಂಗಳು ಕಾಯಿಸಿದ ಮೇಲೆ ಕೈಗೆ ಬರುತ್ತದೆ. ಕಾಲವನ್ನು ನೋಡಿ ಹೋಗುವದು ಉಪಾಯವಲ್ಲ, ಕರುಣೆ. ಹಾಗೆಯೇ ಕೇಳುವ ಕೆಲಸವಿಲ್ಲದ ದಿನವೂ ಅದೇ ಮನೆಗೆ ಹೋಗಬೇಕು. ಬೇನೆಬಿದ್ದಾಗ ನೋಡದೆ, ಮದುವೆಗೆ ಬಾರದೆ, ಚಂದಾ ದಿನ ಮಾತ್ರ ಕಾಣುವವನನ್ನು ಕಂಡರೆ ಜನರು ಬಾಗಿಲು ಹಾಕಿಕೊಳ್ಳುವದು ಆಶ್ಚರ್ಯವಲ್ಲ. ಅವನು ಮನುಷ್ಯರನ್ನು ಕಾಣದೆ ಬರೇ ಗಂಟನ್ನು ಕಾಣುತ್ತಾನೆ.

ಬಡವನ ಮನೆಯನ್ನು ದಾಟಿ ಹೋಗುವದು ದಯೆಯೆಂದು ಕೆಲವರು ನೆನಸುತ್ತಾರೆ. ಅದು ದಯೆಯಂತೆ ಕಾಣುವ ಅವಮಾನವು. ಒಂದು ಹಿಡಿ ಜೋಳವನ್ನು ಕೊಡಶಕ್ತಳಾದವಳಿಗೆ ಕೊಡುವ ಗೌರವವನ್ನು ಯಾಕೆ ತಪ್ಪಿಸಬೇಕು? ಅವಳನ್ನು ಕೇಳಿರಿ, ಆದರೆ ಇಲ್ಲವೆನ್ನುವ ದಾರಿಯನ್ನೂ ತೆರೆದಿಡಿರಿ. ನಾಲ್ಕು ಜನರ ಮುಂದೆ ಕೇಳಿ ನಾಚಿಸಿ ಪಡೆದದ್ದು ಕಾಣಿಕೆಯಲ್ಲ, ದಂಡ. ಇಲ್ಲವೆಂದವನಿಗೂ ನಗುಮುಖದಿಂದ ನಮಸ್ಕಾರ ಹೇಳಿ ಬರಬಲ್ಲವನೇ ಕೇಳಲಿಕ್ಕೆ ಯೋಗ್ಯನು. ಯಾಕಂದರೆ ನಿರಾಕರಿಸುವ ಸ್ವಾತಂತ್ರ್ಯವಿಲ್ಲದ ಸ್ಥಳದಲ್ಲಿ ಕೊಡುವ ಸ್ವಾತಂತ್ರ್ಯವೂ ಇಲ್ಲ.

ಕಡೆಯದಾಗಿ, ಲೆಕ್ಕ. ಪೌಲನು ಯೆರೂಸಲೇಮಿನ ಬಡವರಿಗಾಗಿ ಹಣ ಕೂಡಿಸಿದಾಗ, ತಾನೊಬ್ಬನೇ ಒಯ್ಯದೆ ಸಭೆಗಳಿಂದ ನೇಮಕವಾದವರನ್ನು ಜತೆಗೆ ಕೂಡಿಸಿಕೊಂಡದ್ದನ್ನು ಬಲ್ಲಿರಷ್ಟೆ. ತನ್ನ ಪ್ರಾಮಾಣಿಕತೆ ತನಗೆ ಗೊತ್ತಿದ್ದರೂ ಪರರ ಕಣ್ಣಿಗೂ ಅದು ಕಾಣಬೇಕೆಂದು ಅವನು ಅರಿತಿದ್ದನು. ರಮಾಬಾಯಿಯವರು ಹತ್ತು ವರುಷದ ಅವಧಿ ತೀರಿದಾಗ, ೧೮೯೮ರಲ್ಲಿ, ಸಮುದ್ರ ದಾಟಿ ಹೋಗಿ ಕೊಟ್ಟವರ ಮುಂದೆ ತಾವೇ ನಿಂತುಕೊಂಡರು. ಇಂದು ಫೋನಿನ ಮೇಲೆ ಬೆರಳಾಡಿಸಿದರೆ ಕ್ಷಣದಲ್ಲಿ ಹಣವು ಮುಟ್ಟುತ್ತದೆ. ಲೆಕ್ಕವು ಮಾತ್ರ ಹಲವೆಡೆ ವರುಷವಾದರೂ ಮುಟ್ಟುವದಿಲ್ಲ. ಹಣ ಎಷ್ಟು ಬಂತು, ಎಲ್ಲಿ ಹೋಯಿತು, ಎಷ್ಟು ಉಳಿಯಿತು ಎಂಬ ಮೂರು ಸಾಲುಗಳನ್ನು ಎಲ್ಲರ ಮುಂದೆ ಓದುವದಕ್ಕೆ ದೊಡ್ಡ ವಿದ್ಯೆ ಬೇಕಾಗಿಲ್ಲ. ಕೆಲಸವು ಕೆಟ್ಟಿದ್ದರೆ ಅದನ್ನೂ ಓದಿರಿ. ಸೋಲನ್ನು ಮುಚ್ಚಿದವನನ್ನು ಜನರು ಕ್ಷಮಿಸುವದು ಕಷ್ಟ. ತಿಳಿಸಿದವನಿಗೆ ಮತ್ತೊಮ್ಮೆ ಕೊಡುತ್ತಾರೆ.

ರಮಾಬಾಯಿಯವರ ಕೆಲಸದ ಒಂದು ಕೊಂಬೆಯು ನಮ್ಮ ಊರಿಗೂ ಚಾಚಿತು. ೧೯೧೨ರಲ್ಲಿ, ನಿಜಾಮರ ಸೀಮೆಯಾಗಿದ್ದ ಈ ಕಲಬುರಗಿಯಲ್ಲಿ, ಮಗಳಾದ ಮನೋರಮಾಬಾಯಿಯವರ ಸಹಾಯದಿಂದ ಅವರು ಕ್ರೈಸ್ತ ಹೈಸ್ಕೂಲನ್ನು ಸ್ಥಾಪಿಸಿದರು. ಮಗಳೇ ಅದರ ಮುಖ್ಯೋಪಾಧ್ಯಾಯಿನಿಯಾದರು. ೧೯೨೧ರಲ್ಲಿ ಮಗಳೂ ೧೯೨೨ರಲ್ಲಿ ತಾಯಿಯೂ ತೀರಿಕೊಂಡರು. ದೂರದ ಮನೆಗಳಲ್ಲಿ ಮೊದಲು ಕೈಯೊಡ್ಡಿದಾಗ ಆ ತಾಯಿಯ ಬಳಿ ಹಣವಿರಲಿಲ್ಲ, ಕಟ್ಟಡವಿರಲಿಲ್ಲ. ಕೊಟ್ಟ ಮಾತನ್ನು ಉಳಿಸಿಕೊಳ್ಳುವ ಮನಸ್ಸು ಒಂದೇ ಇತ್ತು.

ಆದದರಿಂದ, ಪ್ರಿಯರೇ, ಮುಂದಿನ ಸಾರಿ ಚಂದಾ ಪುಸ್ತಕವು ನಿಮ್ಮ ಕೈಗೆ ಬಂದರೆ ಹಿಂಜರಿಯಬೇಡಿರಿ. ಹೊರಡುವ ಮುಂಚೆ ಮೂರು ಮಾತು ನಿಮ್ಮನ್ನೇ ಕೇಳಿಕೊಳ್ಳಿರಿ: ನಾನು ಹೇಳುವದೆಲ್ಲಾ ನಿಜವೋ? ಇಲ್ಲವೆಂದವನನ್ನು ನಾಳೆಯೂ ಪ್ರೀತಿಸುವೆನೋ? ಲೆಕ್ಕ ಕೊಡಲಿಕ್ಕೆ ಇದೇ ಬಾಗಿಲಿಗೆ ಮತ್ತೆ ಬರುವೆನೋ? ಮೂರಕ್ಕೂ ಹೌದೆನ್ನಬಲ್ಲವನು ತಲೆಯೆತ್ತಿ ಹೋಗಿ ಕೇಳಲಿ.