ಹಸಿರು ಅಂಕಿಯ ಆಸೆ

ಅವ್ವ ಬಿದ್ದದ್ದು ಶ್ರಾವಣ ಸೋಮವಾರದ ಮರುದಿನ, ನಸುಕಿನ್ಯಾಗ, ಬಚ್ಚಲಿಗೆ ಹೋಗುವಾಗ. ಔರಾದ್ ತಾಲೂಕಿನ ನಮ್ಮೂರಿನ ಪಕ್ಕದ ಮನೆ ಹುಡುಗ ಬೆರಳು ಚುಚ್ಚಿ ನೋಡಿದರೆ ಶುಗರ್ 48. ಎಚ್ಚರ ಇದ್ದಳು, ಸಕ್ಕರೆ ನೀರು ಕುಡಿಸಿದ. ಭಾಲ್ಕಿಯಿಂದ ಅಕ್ಕ ಓಡಿಬಂದು ಬೀದರಿಗೆ ಕರಕೊಂಡು ಹೋದಳು. ಸೊಂಟದ ಎಲುಬು ಮುರಿದಿತ್ತು.

ನಾನು ಬೆಂಗಳೂರಿನಲ್ಲಿ ಕೂತು ಅವ್ವನ ಶುಗರಿಗೆ ಒಂದು ಎಕ್ಸೆಲ್ ಶೀಟ್ ಮಾಡಿದ್ದೆ. ಮುಂಜಾನೆಯ ಅಂಕಿ 110ರ ಒಳಗಿದ್ದರೆ ಹಸಿರು, 130 ದಾಟಿದರೆ ಕೆಂಪು. ಹಸಿರಾದರೆ ‘ಭೇಷ್ ಅವ್ವಾ’, ಕೆಂಪಾದರೆ ಹತ್ತು ನಿಮಿಷ ಭಾಷಣ.

ಆಸ್ಪತ್ರೆಯಲ್ಲಿ ಕೇಳಿದೆ, ‘ಉಪಾಸ ಬಿಟ್ಟ ಮ್ಯಾಗ ರಾತ್ರಿ ಯಾಕ ಉಣ್ಣಲಿಲ್ಲ?’

‘ಹೊಟ್ಟಿ ತುಂಬ ಉಂಡ್ರ ಮುಂಜಾನಿ ನಂಬರ್ ಏರ್ತದ ತಮ್ಮಾ. ನೀ ಸಿಟ್ಟಾಗ್ತಿ.’

ಉಂಡಿರಲಿಲ್ಲ, ಗುಳಗಿ ಮಾತ್ರ ತಪ್ಪದೇ ನುಂಗಿದ್ದಳು. ಗ್ಲಿಮೆಪಿರೈಡ್‌ನಂಥ ಗುಳಗಿ, ನೀವು ಉಂಡಿರಿ ಬಿಡಿರಿ, ಇನ್ಸುಲಿನ್ ಹೊರಡಿಸುತ್ತದೆ. ವಯಸ್ಸಾದಂತೆ ಕಿಡ್ನಿ ನಿಧಾನವಾದರೆ ಔಷಧ ಮೈಯಲ್ಲಿ ಹೆಚ್ಚು ಹೊತ್ತು ಉಳಿಯಬಹುದು. ಬೆವರು, ನಡುಕದಂಥ ಮುನ್ಸೂಚನೆಗಳೂ ಮಂಕಾಗುತ್ತವೆ. ತಲೆ ತಿರುಗಿ ಬೀಳುವುದೇ ಮೊದಲ ಸೂಚನೆ ಆಗಿಬಿಡಬಹುದು. 70ಕ್ಕಿಂತ ಕೆಳಗಿಳಿದರೆ ಅದು ಲೋ ಶುಗರ್. ಎಚ್ಚರ ಇದ್ದರೆ ಮೂರು ಚಮಚ ಸಕ್ಕರೆ ಕೊಟ್ಟು 15 ನಿಮಿಷಕ್ಕೆ ಮತ್ತೆ ನೋಡಬೇಕು; ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು. ಇದ್ಯಾವುದೂ ನನ್ನ ಶೀಟಿನಲ್ಲಿರಲಿಲ್ಲ. ಕಡಿಮೆಯಾದಷ್ಟೂ ಒಳ್ಳೆಯದು ಅಂತಲೇ ನನ್ನ ಲೆಕ್ಕ.

ಹಲವು ಕಾಯಿಲೆಗಳಿರುವ ಹಿರಿಯರಿಗೆ ಎಚ್‌ಬಿಎ1ಸಿ 8ರ ಒಳಗಿದ್ದರೆ ಸಾಕು, ಹರೆಯದವರ ಹಾಗೆ 7ಕ್ಕೆ ಇಳಿಸಲು ಹೊಡೆದಾಡಬೇಕಿಲ್ಲ ಅಂದರು ಡಾಕ್ಟರು. ಗುಳಗಿಯನ್ನೂ ಬದಲಿಸಿದರು.

ಹಾಗಾದರೆ ನಾನು ಕಾಯುತ್ತಿದ್ದದ್ದು ಯಾರನ್ನು? ಅವ್ವನನ್ನೋ, ನನ್ನ ನೆಮ್ಮದಿಯನ್ನೋ? ಕಡೆಗಣಿಸಿದ ಮಗನಿಗೆ ಊರು ಬೈಯುತ್ತದೆ. ಕಾಳಜಿಯಿಂದಲೇ ಹೆದರಿಸಿಟ್ಟ ಮಗನಿಗೆ ಯಾರೂ ಬೈಯುವುದಿಲ್ಲ. ಅವನಿಗೆ ತನ್ನ ತಪ್ಪು ಕಾಣುವುದೂ ಇಲ್ಲ. ಹಾಗಂತ ಸುಮ್ಮನಿರಲೂ ಆಗದು. ಶುಗರ್ ಏರಿ ಕಾಲು ಕಳಕೊಂಡವರು ನಮ್ಮ ಓಣಿಯಲ್ಲೇ ಇದ್ದಾರೆ. ಎರಡೂ ಕಡೆ ಅಪಾಯ ಇದ್ದಾಗ ಯಾವುದನ್ನು ಎಷ್ಟು ಹೊರಬೇಕು ಅನ್ನುವುದನ್ನು ಆ ಮೈಯಲ್ಲಿ ಬದುಕುವವರನ್ನು ಕೇಳಬೇಕು. ನಾನು ಆರು ವರ್ಷ ಕೇಳಿರಲೇ ಇಲ್ಲ.

ಕೇಳಿದೆ. ‘ಎಳ್ಳ ಅಮಾಸಿಗೆ ಹೊಲಕ್ಕ ನಡಕೊಂಡ್ ಹೋಗಿ ಭಜ್ಜಿ, ಅಂಬಲಿ ಉಣಬೇಕು’ ಅಂದಳು. ‘ಶ್ರಾವಣದ ಉಪಾಸ ಬಿಡಂಗಿಲ್ಲ.’

ಬಿಡು ಅನ್ನಲಿಲ್ಲ. ಉಪವಾಸದ ದಿನ ಗುಳಗಿ ಏನು ಮಾಡಬೇಕು ಅಂತ ಡಾಕ್ಟರ ಹತ್ತಿರ ಬರೆಸಿಕೊಂಡೆ. ಬಚ್ಚಲ ದಾರಿಗೆ ಒಂದು ಲೈಟ್ ಹಾಕಿಸಿದೆ. ಈಗ ಫೋನಿನಲ್ಲಿ ಮೊದಲ ಮಾತು ನಂಬರ್ ಎಷ್ಟು ಅಂತಲ್ಲ, ‘ಉಂಡಿ ಏನವ್ವಾ?’