ಪ್ರಭುತ್ವಕ್ಕೆ ವಿಧೇಯತೆ: ರಾಜ್ಯಶಾಸ್ತ್ರದ ಮೂಲಪ್ರಶ್ನೆ

ಪ್ರಭುತ್ವದ ಆಜ್ಞೆಯನ್ನು ಪ್ರಜೆ ಏಕೆ ಪಾಲಿಸಬೇಕು? ರಾಜ್ಯಶಾಸ್ತ್ರದ ಪ್ರಮುಖ ಪರಿಕಲ್ಪನೆಗಳೆಲ್ಲ ಈ ಒಂದು ಪ್ರಶ್ನೆಯ ಸುತ್ತ ಬೆಳೆದಿವೆ. ಪರಮಾಧಿಕಾರ, ನ್ಯಾಯಸಮ್ಮತತೆ, ಸಮ್ಮತಿ, ಹಕ್ಕು, ನ್ಯಾಯ ಇವುಗಳನ್ನು ಪದವಿ ತರಗತಿಗಳಲ್ಲಿ ಬೇರೆ ಬೇರೆ ಅಧ್ಯಾಯಗಳಾಗಿ ಓದುವುದು ರೂಢಿ. ಸ್ನಾತಕೋತ್ತರ ಅಧ್ಯಯನದಲ್ಲಿ ಅವುಗಳ ನಡುವಿನ ನಂಟನ್ನು ಹಿಡಿಯಬೇಕಾಗುತ್ತದೆ. ಆ ನಂಟನ್ನು ಬಿಡಿಸಿ ತೋರಿಸುವುದೇ ರಾಜಕೀಯ ಬಾಧ್ಯತೆಯ ವಿಚಾರ.

ಮೊದಲು ಬಲ ಮತ್ತು ಅಧಿಕಾರಗಳ ವ್ಯತ್ಯಾಸ ಸ್ಪಷ್ಟವಾಗಬೇಕು. ನ್ಯಾಯವಿಲ್ಲದ ರಾಜ್ಯಕ್ಕೂ ದರೋಡೆಕೋರರ ದೊಡ್ಡ ಗುಂಪಿಗೂ ಏನು ವ್ಯತ್ಯಾಸ ಎಂದು 5ನೇ ಶತಮಾನದಲ್ಲೇ ಸಂತ ಅಗಸ್ಟೀನ್ ಕೇಳಿದ್ದ. ದರೋಡೆಕೋರನಿಗೆ ಹಣ ಕೊಡುವವನು ಹೆದರಿ ಕೊಡುತ್ತಾನೆ. ಕೊಡಬೇಕಾದ ಕರ್ತವ್ಯ ಅವನಿಗಿಲ್ಲ. ತೆರಿಗೆ ವಸೂಲಿ ಮಾಡುವ ಸರ್ಕಾರವಾದರೋ ತನಗೆ ಕೇಳುವ ಹಕ್ಕಿದೆ, ಪ್ರಜೆಗೆ ಕೊಡುವ ಕರ್ತವ್ಯವಿದೆ ಎನ್ನುತ್ತದೆ. ಒಂದು ಭೂಪ್ರದೇಶದಲ್ಲಿ ನ್ಯಾಯಸಮ್ಮತ ಬಲಪ್ರಯೋಗದ ಏಕಸ್ವಾಮ್ಯ ತನ್ನದೆಂದು ಸಾಧಿಸಿಕೊಂಡ ಸಂಸ್ಥೆಯೇ ಪ್ರಭುತ್ವ ಎಂದು ಮ್ಯಾಕ್ಸ್ ವೇಬರ್ 1919ರಲ್ಲಿ ವಿವರಿಸಿದ. ಜನ ಅದನ್ನು ಒಪ್ಪುವುದಕ್ಕೆ ಸಂಪ್ರದಾಯ, ನಾಯಕನ ವರ್ಚಸ್ಸು, ಕಾನೂನು ಎಂಬ ಮೂರು ಆಧಾರಗಳನ್ನು ಗುರುತಿಸಿದ. ಆದರೆ ವೇಬರ್ ಹೇಳಿದ್ದು ಜನರ ನಂಬಿಕೆಯ ಬಗ್ಗೆ. ಆ ನಂಬಿಕೆ ಸರಿಯೇ ಎಂದು ಕೇಳಿದಾಗ ಸಮಾಜಶಾಸ್ತ್ರ ಮುಗಿದು ತತ್ತ್ವಶಾಸ್ತ್ರ ಆರಂಭವಾಗುತ್ತದೆ.

ಭಾರತೀಯ ಚಿಂತನೆ ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಎತ್ತಿಕೊಂಡಿತ್ತು. ಅರಸನಿಲ್ಲದ ನಾಡಿನಲ್ಲಿ ದೊಡ್ಡ ಮೀನು ಸಣ್ಣ ಮೀನನ್ನು ನುಂಗುವ ಮತ್ಸ್ಯನ್ಯಾಯ ನಡೆಯುತ್ತದೆ ಎನ್ನುವುದು ಮಹಾಭಾರತದ ಶಾಂತಿಪರ್ವ ಮತ್ತು ಕೌಟಿಲ್ಯನ ಅರ್ಥಶಾಸ್ತ್ರ ಎರಡರ ನಿಲುವೂ ಹೌದು. ಅದರಿಂದ ಕಂಗೆಟ್ಟ ಜನ ದೇವರ ಮೂಲಕ ಮನುವನ್ನು ಅರಸನಾಗಿ ಪಡೆದು, ಬೆಳೆಯಲ್ಲಿ ಪಾಲು ಕೊಡಲು ಒಪ್ಪಿದ ಕಥೆ ಶಾಂತಿಪರ್ವದಲ್ಲಿದೆ. ಬೌದ್ಧರ ದೀಘನಿಕಾಯದ ಅಗ್ಗಞ್ಞ ಸುತ್ತದಲ್ಲಿ ದೇವರ ಮಧ್ಯಸ್ಥಿಕೆಯೂ ಇಲ್ಲ. ಜನರೇ ಸೇರಿ ಒಬ್ಬನನ್ನು ಆರಿಸಿ, ಅಕ್ಕಿಯಲ್ಲಿ ಪಾಲು ಕೊಡುತ್ತಾರೆ. ಅವನೇ ಮಹಾಸಮ್ಮತ. ಎರಡೂ ಕಥೆಗಳ ಪ್ರಕಾರ ತೆರಿಗೆಯೆಂದರೆ ರಕ್ಷಣೆಗೆ ಕೊಡುವ ಸಂಬಳ. ಆದ್ದರಿಂದಲೇ ರಕ್ಷಿಸಲಾರದ ಅರಸನನ್ನು ಒಡೆದ ದೋಣಿಯಂತೆ ಬಿಟ್ಟುಬಿಡಬೇಕೆಂದು ಅದೇ ಶಾಂತಿಪರ್ವ ಹೇಳುತ್ತದೆ. ವಿಧೇಯತೆಗೆ ಷರತ್ತು ಇದೆ ಎಂಬುದು ಇಲ್ಲಿ ಖಚಿತವಾಗಿದೆ.

ಗ್ರೀಸಿನಲ್ಲಿ ಈ ಪ್ರಶ್ನೆ ಒಬ್ಬ ಮನುಷ್ಯನ ಜೀವದ ಪ್ರಶ್ನೆಯಾಯಿತು. ಕ್ರಿ.ಪೂ. 399ರಲ್ಲಿ ಅಥೆನ್ಸಿನ ನ್ಯಾಯಸಭೆ ಸಾಕ್ರಟೀಸನಿಗೆ ಮರಣದಂಡನೆ ವಿಧಿಸಿತು. ಡೆಲೋಸ್ ದ್ವೀಪಕ್ಕೆ ಹೋದ ಪವಿತ್ರ ಹಡಗು ಮರಳುವವರೆಗೆ ಶಿಕ್ಷೆ ಜಾರಿಯಾಗುವಂತಿರಲಿಲ್ಲ. ಹಡಗು ಬರುವ ಸುದ್ದಿ ತಿಳಿದ ಗೆಳೆಯ ಕ್ರಿಟೋ ಬೆಳಗಾಗುವ ಮುನ್ನವೇ ಸೆರೆಮನೆಗೆ ಬಂದ. ತಪ್ಪಿಸಿಕೊಳ್ಳಲು ಹಣ ಸಿದ್ಧವಿತ್ತು, ಥೆಸಲಿಯಲ್ಲಿ ಆಶ್ರಯವೂ ಇತ್ತು. ಸಾಕ್ರಟೀಸ್ ಹೊರಡಲಿಲ್ಲ. ಪ್ಲೇಟೋ ಬರೆದಿರುವ ಪ್ರಕಾರ, ನಗರದ ಕಾನೂನುಗಳೇ ಎದುರು ನಿಂತು ವಾದಿಸುವಂತೆ ಅವನು ಕಲ್ಪಿಸಿಕೊಂಡ: ಸಾಕಿ ಸಲಹಿದವರು ನಾವು, ಬೇಡವೆಂದಿದ್ದರೆ ಎಪ್ಪತ್ತು ವರ್ಷಗಳಲ್ಲಿ ಯಾವಾಗ ಬೇಕಾದರೂ ಊರು ಬಿಡಬಹುದಿತ್ತು, ಬಿಡದೆ ಉಳಿದದ್ದೇ ಒಪ್ಪಿಗೆ. ಮುಂದಿನ ಸಿದ್ಧಾಂತಗಳ ಬೀಜಗಳು ಈ ವಾದದಲ್ಲಿವೆ. ಆದರೆ ಇದೇ ಸಾಕ್ರಟೀಸ್, ಹಿಂದೆ ಅಥೆನ್ಸನ್ನು ಆಳುತ್ತಿದ್ದ ಮೂವತ್ತು ಮಂದಿ ಸರ್ವಾಧಿಕಾರಿಗಳು ಲಿಯಾನ್ ಎಂಬ ನಿರಪರಾಧಿಯನ್ನು ಹಿಡಿದು ತರಲು ಹೇಳಿದಾಗ ತಿರಸ್ಕರಿಸಿ ಮನೆಗೆ ಹೋಗಿದ್ದ. ತನಗೆ ಬಂದ ಅನ್ಯಾಯವನ್ನು ಸಹಿಸಲು ಅವನು ಸಿದ್ಧನಿದ್ದ. ಇತರರಿಗೆ ಅನ್ಯಾಯ ಮಾಡೆಂಬ ಆಜ್ಞೆಯನ್ನು ಪಾಲಿಸಲು ಸಿದ್ಧನಿರಲಿಲ್ಲ.

ಆಧುನಿಕ ಯುರೋಪಿನಲ್ಲಿ ಸಮ್ಮತಿಯ ವಾದ ಸಾಮಾಜಿಕ ಒಪ್ಪಂದದ ಸಿದ್ಧಾಂತವಾಯಿತು. ಇಂಗ್ಲೆಂಡಿನ ಅಂತರ್ಯುದ್ಧವನ್ನು ಕಂಡ ಥಾಮಸ್ ಹಾಬ್ಸ್ 1651ರ ‘ಲೆವಿಯಾಥನ್’ನಲ್ಲಿ, ಜೀವಭಯದಿಂದ ಪಾರಾಗಲು ಜನ ತಮ್ಮನ್ನು ಆಳುವ ಹಕ್ಕನ್ನು ಪರಮಾಧಿಕಾರಿಗೆ ಒಪ್ಪಿಸುತ್ತಾರೆ ಎಂದ. ಜಾನ್ ಲಾಕ್‌ಗೆ ಅಧಿಕಾರವೆಂಬುದು ನಂಬಿ ಕೊಟ್ಟ ಹೊಣೆ. ಜೀವ, ಸ್ವಾತಂತ್ರ್ಯ, ಆಸ್ತಿಗಳನ್ನು ಕಾಯದ ಸರ್ಕಾರವನ್ನು ಜನ ಕಿತ್ತೊಗೆಯಬಹುದು. 1762ರಲ್ಲಿ ರೂಸೋ, ತಾನೇ ಪಾಲುಗೊಂಡು ಮಾಡಿದ ಕಾನೂನನ್ನು ಪಾಲಿಸುವವನು ಸ್ವತಂತ್ರನಾಗಿಯೇ ಉಳಿಯುತ್ತಾನೆ ಎಂದು ವಾದಿಸಿದ. ಮೂವರ ಉತ್ತರ ಬೇರೆಯಾದರೂ ತಳಹದಿ ಒಂದೇ: ಸಮ್ಮತಿ.

ಆ ತಳಹದಿಗೇ, ರೂಸೋಗಿಂತ ಮೊದಲೇ, 1748ರಲ್ಲಿ ಡೇವಿಡ್ ಹ್ಯೂಮ್ ಕೈಹಾಕಿದ್ದ. ದೇಶ ಬಿಡದೆ ಉಳಿದದ್ದೇ ಒಪ್ಪಿಗೆ ಎನ್ನುವುದಾದರೆ, ಪರಭಾಷೆ ಬಾರದ, ದಿನಗೂಲಿಯಿಂದ ಬದುಕುವ ಬಡವನಿಗೆ ದೇಶ ಬಿಡುವ ಸ್ವಾತಂತ್ರ್ಯ ನಿಜವಾಗಿ ಇದೆಯೇ? ಒಬ್ಬನನ್ನು ನಿದ್ದೆಯಲ್ಲಿದ್ದಾಗ ಹಡಗಿಗೆ ಹೊತ್ತು ತಂದರೆ, ಅವನು ಸಮುದ್ರಕ್ಕೆ ಹಾರಲಿಲ್ಲವೆಂದ ಮಾತ್ರಕ್ಕೆ ನಾವಿಕನ ಆಳ್ವಿಕೆಗೆ ಒಪ್ಪಿದಂತಾಗುವುದೇ? ಮೌನಸಮ್ಮತಿಯ ವಾದ ಈ ಪೆಟ್ಟಿನಿಂದ ಪೂರ್ತಿ ಚೇತರಿಸಿಕೊಂಡಿಲ್ಲ.

ಆದ್ದರಿಂದ 20ನೇ ಶತಮಾನದ ಚಿಂತಕರು ಬೇರೆ ಆಧಾರ ಹುಡುಕಿದರು. 1955ರಲ್ಲಿ ಎಚ್.ಎಲ್.ಎ. ಹಾರ್ಟ್ ಮುಂದಿಟ್ಟದ್ದು ನ್ಯಾಯವಾದ ಪಾಲುದಾರಿಕೆಯ ತತ್ತ್ವ. ಊರಿನವರೆಲ್ಲ ಸೇರಿ ಕೆರೆಯ ಹೂಳೆತ್ತಿದ ಮೇಲೆ, ಆ ನೀರಿನಲ್ಲಿ ಗದ್ದೆ ಬೆಳೆಯುವವನು ತನ್ನ ಪಾಲಿನ ಕೆಲಸ ತಪ್ಪಿಸಿಕೊಳ್ಳುವುದು ಅನ್ಯಾಯ. ಕಾನೂನಿನ ಲಾಭ ಉಣ್ಣುವವನ ಹೊಣೆಯೂ ಹಾಗೆಯೇ. ನ್ಯಾಯಯುತ ಸಂಸ್ಥೆಗಳನ್ನು ಬೆಂಬಲಿಸುವುದು ಪ್ರತಿಯೊಬ್ಬನ ಸಹಜ ಕರ್ತವ್ಯ ಎಂದು 1971ರಲ್ಲಿ ಜಾನ್ ರಾಲ್ಸ್ ಹೇಳಿದ. ಆದರೆ ಸಮಾಜವು ಯಾರಿಗೆ ನೀರನ್ನೂ ಶಾಲೆಯನ್ನೂ ಗೌರವವನ್ನೂ ನಿರಾಕರಿಸಿದೆಯೋ ಅವರಿಂದ ಸಮಾನ ವಿಧೇಯತೆ ಬೇಡುವ ನೈತಿಕ ಬಲ ಈ ಎರಡು ತತ್ತ್ವಗಳಿಗೂ ಇಲ್ಲ. ಪಾಲು ಸಿಗದವನ ಮೇಲೆ ಪಾಲುದಾರಿಕೆಯ ಹೊಣೆ ಹೊರಿಸಲಾಗದು. ಬಾಧ್ಯತೆಯ ವಿಚಾರ ಸಾಮಾಜಿಕ ನ್ಯಾಯದ ವಿಚಾರವಾಗುವುದು ಈ ಕಾರಣಕ್ಕೆ.

ಬಾಧ್ಯತೆಗೆ ಷರತ್ತು ಇದ್ದರೆ, ಅದು ಮುರಿದಾಗ ಏನು ಮಾಡಬೇಕೆಂಬುದು ಕೊನೆಯ ಪ್ರಶ್ನೆ. 1917ರ ಏಪ್ರಿಲ್ 18ರಂದು ಮೋತಿಹಾರಿಯ ನ್ಯಾಯಾಲಯದಲ್ಲಿ ಗಾಂಧೀಜಿ, ಚಂಪಾರಣ್ ಬಿಟ್ಟು ಹೋಗಬೇಕೆಂಬ ಆಜ್ಞೆಯನ್ನು ಮೀರಿದ್ದೇನೆಂದು ತಾವೇ ಒಪ್ಪಿಕೊಂಡರು. ಕಾನೂನಿನ ಮೇಲೆ ಅಗೌರವವಿಲ್ಲ, ಅಂತಃಸಾಕ್ಷಿಯೆಂಬ ಉನ್ನತ ನಿಯಮವನ್ನು ಪಾಲಿಸುತ್ತಿದ್ದೇನೆ ಎಂದು ಹೇಳಿಕೆ ಓದಿದರು, ಶಿಕ್ಷೆಗೂ ಸಿದ್ಧರಾಗಿದ್ದರು. ಸರ್ಕಾರ ಮೊಕದ್ದಮೆಯನ್ನು ಹಿಂತೆಗೆದುಕೊಂಡಿತು. 1930ರ ದಶಕದ ಆರಂಭದಲ್ಲಿ ಅಂಕೋಲಾ, ಸಿದ್ದಾಪುರಗಳ ರೈತರು ಕರನಿರಾಕರಣೆ ಮಾಡಿ ಹೊಲ ಮನೆ ಕಳೆದುಕೊಂಡದ್ದೂ ಇದೇ ದಾರಿಯಲ್ಲಿ. ಬಹಿರಂಗವಾಗಿ, ಅಹಿಂಸೆಯಿಂದ, ಶಿಕ್ಷೆಯನ್ನು ಹೊತ್ತು ಮಾಡುವ ಕಾನೂನುಭಂಗ ಅಪರಾಧಕ್ಕಿಂತ ಬೇರೆಯಾಗುವುದು ಈ ಮೂರು ಲಕ್ಷಣಗಳಿಂದ.

ಇದಕ್ಕೆ ಎದುರಾದ ಗಂಭೀರ ವಾದವೂ ಭಾರತದ್ದೇ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಡಾ. ಅಂಬೇಡ್ಕರ್, ಸಂವಿಧಾನದ ಮಾರ್ಗ ತೆರೆದಿರುವಾಗ ಸತ್ಯಾಗ್ರಹವನ್ನೂ ಕಾನೂನುಭಂಗವನ್ನೂ ಕೈಬಿಡಬೇಕೆಂದರು. ಅದೇ ಭಾಷಣದಲ್ಲಿ, ಸಾಮಾಜಿಕ ಮತ್ತು ಆರ್ಥಿಕ ಅಸಮಾನತೆ ಬೇಗ ತೊಲಗದಿದ್ದರೆ ಅದನ್ನು ಅನುಭವಿಸುತ್ತಿರುವವರು ಈ ಪ್ರಜಾಪ್ರಭುತ್ವದ ಕಟ್ಟಡವನ್ನೇ ಒಡೆದುಹಾಕುವರೆಂದೂ ಎಚ್ಚರಿಸಿದರು. ಎರಡು ಮಾತುಗಳನ್ನೂ ಒಟ್ಟಿಗೆ ಓದಬೇಕು. ಪ್ರಜೆಗೆ ಮತವಿರಬೇಕು, ಅವನ ದೂರು ಕೇಳುವ ನ್ಯಾಯಾಲಯವಿರಬೇಕು, ಬದುಕಿನಲ್ಲಿ ಸಮಾನ ಪಾಲು ಸಿಗಬೇಕು. ಇವು ಎಷ್ಟರಮಟ್ಟಿಗೆ ಇವೆಯೋ ಅಷ್ಟರಮಟ್ಟಿಗೆ ಕಾನೂನನ್ನು ಪಾಲಿಸುವ ಕರ್ತವ್ಯ ಗಟ್ಟಿಯಾಗುತ್ತದೆ. ವಿಧೇಯತೆಯನ್ನು ಬಲದಿಂದ ಪಡೆಯಬಹುದು. ಬಾಧ್ಯತೆಯನ್ನು ಮಾತ್ರ ಪ್ರಭುತ್ವ ನ್ಯಾಯದಿಂದಲೇ ಗಳಿಸಬೇಕು.