ವಿರಾಮವೂ ಅನರ್ಥದಂಡವೂ

ಅಮೆರಿಕದ ಮಿನ್ನೆಸೋಟ ರಾಜ್ಯಕ್ಕೆ ‘ಹತ್ತು ಸಾವಿರ ಸರೋವರಗಳ ನಾಡು’ ಎಂದು ಹೆಸರು. ಹಿಮ ಕರಗಿದೊಡನೆ ಅಲ್ಲಿ ರಜೆಯೆಂದರೆ ಸರೋವರ, ಸರೋವರವೆಂದರೆ ಗಾಳ. 16 ವರ್ಷ ತುಂಬದ ಸ್ಥಳೀಯ ಮಕ್ಕಳಿಗೆ ಮೀನು ಹಿಡಿಯಲು ಪರವಾನಿಗೆಯೂ ಬೇಡ. ಕನ್ನಡನಾಡಿನಿಂದ ಹೋಗಿ ಅಲ್ಲಿ ನೆಲೆಸಿದ ಶ್ರಾವಕ ಕುಟುಂಬದ ಬಾಲಕನನ್ನು ಸಹಪಾಠಿಗಳು ಕರೆದರೆ ತಾಯಿತಂದೆಗಳು ಏನು ಹೇಳಬೇಕು? “ತಿನ್ನುವುದಿಲ್ಲವಲ್ಲ, ಹಿಡಿದು ನೀರಿಗೇ ಬಿಡುತ್ತೇವೆ” ಎಂಬುದು ಬಾಲಕನ ವಾದ. ಹೊಸ ನೆಲದಲ್ಲಿ ಗೆಳೆತನವು ಮಗುವಿಗೆ ಸಣ್ಣ ವಸ್ತುವಲ್ಲ.

ಲೋಕದೃಷ್ಟಿಯಲ್ಲಿ ಬಿಡುವವನು ದಯಾಳು, ತಿನ್ನುವವನು ಕ್ರೂರಿ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದ ತಕ್ಕಡಿಯೇ ಬೇರೆ. ನಿಷ್ಪ್ರಯೋಜಕವಾದ ಪಾಪಕ್ರಿಯೆಯಿಂದ ವಿರತನಾಗುವುದನ್ನು ಅವರು ಅನರ್ಥದಂಡವ್ರತವೆಂದು ಗುಣವ್ರತಗಳಲ್ಲಿ ಎಣಿಸಿದ್ದಾರೆ. ತಿನ್ನುವವನಿಗೆ ಹಸಿವೆಂಬ ನೆಪವಾದರೂ ಉಂಟು (ಅದರಿಂದ ಅವನೇನೂ ನಿರ್ದೋಷಿಯಾಗಲಾರ). ಬಾಯಿ ಹರಿದ ಮೀನನ್ನು ಮರಳಿ ಬಿಡುವವನಿಗೆ ವಿನೋದವಲ್ಲದೆ ಬೇರೆ ಕಾರಣವೇ ಇಲ್ಲ.

ಹಾಗೆಂದು ಗಾಳವನ್ನು ನಿಷೇಧಿಸಿದ ಮಾತ್ರಕ್ಕೆ ತಂದೆ ನಿಶ್ಚಿಂತನಾಗುವಂತಿಲ್ಲ. ಅದೇ ಗ್ರಂಥವು ಐದು ಅನರ್ಥದಂಡಗಳಲ್ಲೊಂದಾದ ಪ್ರಮಾದಚರ್ಯೆಯನ್ನು ವಿವರಿಸುತ್ತ, ಕಾರಣವಿಲ್ಲದೆ ನೆಲ ಅಗೆಯುವುದು, ಬೆಂಕಿ ಹಚ್ಚುವುದು, ಗಿಡಬಳ್ಳಿ ಕತ್ತರಿಸುವುದು ಇವುಗಳೊಡನೆ ವೃಥಾ ತಿರುಗಾಡುವುದನ್ನೂ ಇತರರನ್ನು ತಿರುಗಾಡಿಸುವುದನ್ನೂ ಹೇಳುತ್ತದೆ. ಬೇಸರ ಕಳೆಯಲೆಂದು ಶನಿವಾರ ಇನ್ನೂರು ಮೈಲಿ ಕಾರು ಓಡಿಸುವುದು ಯಾವ ಲೆಕ್ಕಕ್ಕೆ ಸೇರಬೇಕು? ಬೇಸಗೆಯ ಸಂಜೆ ಮುಂಗಾಜಿಗೆ ಬಡಿದು ಸತ್ತ ಕೀಟಗಳನ್ನು ಮರುದಿನ ಒರೆಸುವವನು ತಂದೆಯೇ. ಬಾಲಕನು ಆ ಗಾಜನ್ನು ತೋರಿಸಿದರೆ ಗಾಳದ ಚರ್ಚೆ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ.